ಏಕ್ಸರದ ವೀರಗಲ್ಲುಗಳಿಂದ ನೌಕಾದಿನದವರೆಗೆ

ಮುಂಬಯಿಯ ಉತ್ತರದ ಉಪನಗರವಾದ ಬೋರಿವಲಿಯಲ್ಲಿ, ಹಿಂದೆ ಬೇರೆಯೇ ಒಂದು ಗ್ರಾಮವಾಗಿದ್ದು ಈಗ ಎತ್ತರದ ವಸತಿಗೃಹಗಳ ನಡುವೆ ಸೇರಿಹೋಗಿರುವ ಏಕ್ಸರ್ ಎಂಬ ಸ್ಥಳವು ತನ್ನ ಆರು ವೀರಗಲ್ಲುಗಳಿಂದ ಇತಿಹಾಸಜ್ಞರಲ್ಲಿ ಪ್ರಸಿದ್ಧವಾಗಿದೆ. ಕನ್ನಡ ನಾಡಿನ ಊರೂರಿನಲ್ಲಿ ವೀರಗಲ್ಲನ್ನು ಕಂಡು ಬೆಳೆದವನಿಗೆ ಅವುಗಳ ರಚನಾಕ್ರಮ ಅಪರಿಚಿತವಲ್ಲ: ಕೆಳಗಿನ ಪಟ್ಟಿಕೆಗಳಲ್ಲಿ ಕಾಳಗ, ಅದಕ್ಕೆ ಮೇಲೆ ಮಡಿದವನ ಸ್ವರ್ಗಾರೋಹಣ, ಎಲ್ಲಕ್ಕೂ ಮೇಲೆ ಶಿವಸನ್ನಿಧಿ. ಅಪೂರ್ವವಾದುದು ಕಾಳಗದ ಬಗೆ. ಆನೆ ಮತ್ತು ಕಾಲಾಳುಗಳ ಭೂಯುದ್ಧದೊಂದಿಗೆ, ಕೂವೆಕಂಬಗಳನ್ನು ನಿಲ್ಲಿಸಿ ಸಾಲುಹುಟ್ಟುಗಳಿಂದ ನೀರನ್ನು ಸೀಳುತ್ತ ಏರಿಬರುವ ನಾವೆಗಳ ಯುದ್ಧವನ್ನೂ ಶಿಲ್ಪಿಯು ಅಲ್ಲಿ ಕಡೆದಿದ್ದಾನೆ. ಇವು ಉತ್ತರ ಕೊಂಕಣದ ಶಿಲಾಹಾರರ ಕಾಲದವೆಂದೂ, ಹದಿಮೂರನೆಯ ಶತಮಾನದಲ್ಲಿ ಆ ವಂಶದ ಕೊನೆಯ ಅರಸನಾದ ಸೋಮೇಶ್ವರನಿಗೂ ದೇವಗಿರಿಯ ಯಾದವ ಮಹಾದೇವನಿಗೂ ನಡೆದ ಸಮುದ್ರಯುದ್ಧದ ಸ್ಮಾರಕಗಳಾಗಿರಬಹುದೆಂದೂ ಕೆಲವು ವಿದ್ವಾಂಸರು ಊಹಿಸಿದ್ದಾರೆ. ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರಿಗೆ ಸಾಮಂತರಾಗಿ ತಲೆಯೆತ್ತಿದವರಾದುದರಿಂದ, ಈ ಕಲ್ಲುಗಳ ಮುಂದೆ ನಿಂತ ಕನ್ನಡಿಗನು ತನ್ನವರ ಆಚಾರವೊಂದನ್ನೇ ಅರಬೀ ಸಮುದ್ರದ ತಡಿಯಲ್ಲಿ ಕಾಣುತ್ತಾನೆಂದರೆ ತಪ್ಪಾಗಲಾರದು.

ಆ ಆಚಾರಕ್ಕೆ ಮೂರು ಅಂಗಗಳಿದ್ದುವು. ಕಲ್ಲನ್ನು ನಿಲ್ಲಿಸುವುದು ಮೊದಲನೆಯದು. ನಿಲ್ಲಿಸಿದ ಕಲ್ಲಿಗೆ ತಪ್ಪದೆ ಪೂಜೆ ನಡೆಯುವಂತೆ ವಿಧಿಸುವುದು ಎರಡನೆಯದು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುವುದು ಮೂರನೆಯದು. ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಗೆ ಹತ್ತನೆಯ ಶತಮಾನದಲ್ಲಿ ಆತಕೂರಿನಲ್ಲಿ ಕಲ್ಲು ನೆಟ್ಟಾಗಲೂ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನಿಗೆ ತಟ್ಟುವುದೆಂದು ಶಾಸನ ಬರೆಯಿಸಿದರು. ಸ್ಮರಣೆಯು ಹೊಣೆಯಿಲ್ಲದ ಭಾವೋದ್ರೇಕವಾಗಬಾರದೆಂಬ ವಿವೇಕವು ಈ ಏರ್ಪಾಡಿನಲ್ಲೆಲ್ಲ ಹರಿಯುತ್ತದೆ. ಇದೇ ಒರೆಗಲ್ಲಿನಿಂದ ಮುಂಬಯಿಯ ಇತ್ತೀಚಿನ ಸ್ಮಾರಕಗಳನ್ನು ಉಜ್ಜಿನೋಡುವುದು ಯೋಗ್ಯವೆಂದು ನನಗೆ ತೋರುತ್ತದೆ.

ಕೊಲಾಬಾದಲ್ಲಿ ಅಫಘಾನ್ ಚರ್ಚ್ ಎಂದು ಜನ ಕರೆಯುವ, 1858ರಲ್ಲಿ ಪ್ರತಿಷ್ಠಿತವಾದ ಸಂತ ಯೋಹಾನರ ದೇವಾಲಯವನ್ನು 1838ರಿಂದ 1843ರವರೆಗೆ ಸಿಂಧ್ ಮತ್ತು ಅಫಘಾನಿಸ್ತಾನಗಳ ದಂಡಯಾತ್ರೆಗಳಲ್ಲಿ ಸತ್ತವರ ನೆನಪಿಗಾಗಿ ಕಟ್ಟಿದರು. ಕಟ್ಟಡವು ಗಂಭೀರವಾದುದು, ಗೋಡೆಗಳ ಮೇಲೆ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸೈನಿಕರ ವಿಷಯದಲ್ಲಾದರೋ, ಹೆಸರಿಸಿ ಬರೆಯಲಾಗದಷ್ಟು ಮಂದಿ ಅವರಿದ್ದರೆಂಬ ಒಂದು ಮಾತನ್ನು ಕೆತ್ತಿ ಅಷ್ಟಕ್ಕೆ ಮುಗಿಸಿದ್ದಾರೆ. ಹಿಮದಲ್ಲಿ ಮರಗಟ್ಟಿ, ರೋಗದಿಂದ ಕೃಶರಾಗಿ, ತಮ್ಮದಲ್ಲದ ರಾಜ್ಯದ ಆಶೆಗಾಗಿ ಅಳಿದ ಆ ಸಿಪಾಯಿಗಳಲ್ಲಿ ಒಬ್ಬೊಬ್ಬನಿಗೂ ತಾಯಿಯಿಟ್ಟ ಹೆಸರೊಂದಿತ್ತೆಂಬುದನ್ನು ನೆನೆದಾಗ, ಆ ದೇವಾಲಯದ ಎತ್ತರದ ಶಿಖರವೂ ಅಪೂರ್ಣವಾಗಿ ಕಾಣುತ್ತದೆ.

ಅಲ್ಲಿಂದ ಮಸ್ಜಿದ್ ಬಂದರಿಗೆ ಬಂದರೆ, ಭಾರತೀಯ ನಾವಿಕರ ವಸತಿಗೃಹದಲ್ಲಿ ಬೇರೊಂದು ಮನೋಧರ್ಮದ ಸ್ಮಾರಕವನ್ನು ಕಾಣುತ್ತೇವೆ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಹಡಗುಗಳೊಡನೆ ಮುಳುಗಿ, ಸಮುದ್ರವಲ್ಲದೆ ಬೇರೆ ಸಮಾಧಿಯಿಲ್ಲದ ಎರಡು ಸಾವಿರಕ್ಕೂ ಹೆಚ್ಚಿನ ನಾವಿಕರನ್ನು ಅಲ್ಲಿ ಸ್ಮರಿಸಲಾಗಿದೆ. 1939ರಿಂದ 1945ರವರೆಗಿನ ಯುದ್ಧದಲ್ಲಿ ಮಡಿದ ಸುಮಾರು 6,500 ಮಂದಿಯ ಹೆಸರುಗಳನ್ನು ಸ್ಮರಣಗ್ರಂಥಗಳಲ್ಲಿ ಬರೆದಿಟ್ಟಿದ್ದಾರೆ. ಇವರಲ್ಲಿ ನೌಕಾದಳದವರಿರುವಂತೆ ವ್ಯಾಪಾರದ ಹಡಗುಗಳ ಖಲಾಸಿಗಳೂ ಇದ್ದಾರೆ. ಉಗಿಯಂತ್ರದ ಕೆಳಮನೆಯಲ್ಲಿ ಕಲ್ಲಿದ್ದಲನ್ನು ತುಂಬುತ್ತ, ಶತ್ರುವಿನ ಮುಖವನ್ನೇ ಕಾಣದೆ, ಕತ್ತಲೆಯಲ್ಲಿ ನೀರುಪಾಲಾದ ಈ ಬಡವರಿಗೆ ಸಾಮ್ರಾಜ್ಯವು ಯಾವ ಕಾರಣಕ್ಕಾದರೂ ಹೆಸರಿನ ಗೌರವವನ್ನು ಕೊಟ್ಟಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅದಕ್ಕಿಂತಲೂ ಮನನೀಯವಾದುದೆಂದರೆ ಸ್ಮಾರಕಕ್ಕೆ ಆರಿಸಿದ ಸ್ಥಳ. ಊರು ಬಿಟ್ಟು ಬಂದು ಹಡಗಿಗಾಗಿ ಕಾಯುವ ಬದುಕಿರುವ ನಾವಿಕನಿಗೆ ಯಾವ ಮನೆಯಲ್ಲಿ ಮಲಗಲು ಎಡೆ ದೊರೆಯುತ್ತದೆಯೋ ಅದೇ ಮನೆಯಲ್ಲಿ ಸತ್ತ ನಾವಿಕನ ಹೆಸರೂ ಉಳಿದಿದೆ. ನಮ್ಮ ಹಿರಿಯರು ನೆತ್ತರುಗೊಡಗೆಯಿಂದ ಸಾಧಿಸಿದುದನ್ನು ಇಷ್ಟು ಸಮೀಪವಾಗಿ ಹೋಲುವ ಸ್ಮಾರಕವನ್ನು ಈ ನಗರದಲ್ಲಿ ನಾನು ಬೇರೆ ಕಾಣೆ.

ಎರಡನೆಯ ಅಂಗವಾದ ತಪ್ಪದ ಆಚರಣೆಗೆ ನಿದರ್ಶನವಾಗಿ ಅಗ್ನಿಶಾಮಕ ದಳದವರನ್ನು ಹೆಸರಿಸಬೇಕು. 1944ರ ಏಪ್ರಿಲ್ 14ರ ಮಧ್ಯಾಹ್ನ, ಹತ್ತಿಯ ಹೊರೆಗಳನ್ನೂ ಸ್ಫೋಟಕಗಳನ್ನೂ ಒಡಲಲ್ಲಿಟ್ಟುಕೊಂಡು ವಿಕ್ಟೋರಿಯಾ ಧಕ್ಕೆಯಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಆ ಬೆಂಕಿಯನ್ನಾರಿಸಲು ನುಗ್ಗಿದ 66 ಮಂದಿ ದಳದವರು ಸ್ಫೋಟದಲ್ಲಿ ಪ್ರಾಣವನ್ನು ತೆತ್ತರು. ನಗರದ ನೂರಾರು ಜನರೂ ಅಳಿದರು. ಇವರು ಶಸ್ತ್ರ ಹಿಡಿದ ಯೋಧರಲ್ಲದಿದ್ದರೂ ಯುದ್ಧದ ಸಾಮಗ್ರಿಯೇ ಅವರನ್ನು ಕೊಂದಿತು. ಅಂದಿನ ಆ ದಿನವೇ ಇಂದು ದೇಶದ ಎಲ್ಲೆಡೆ ಅಗ್ನಿಶಾಮಕ ಸೇವಾದಿನವಾಗಿ ಆಚರಿಸಲ್ಪಡುತ್ತಿರುವುದರಿಂದ, ಮುಂಬಯಿಯ ದುಃಖವೊಂದಕ್ಕೆ ಕನ್ನಡ ನಾಡಿನ ಚಿಕ್ಕ ಠಾಣೆಗಳಲ್ಲಿಯೂ ವರ್ಷಕ್ಕೊಮ್ಮೆ ತಲೆಬಾಗುತ್ತಾರೆ.

ಆಚರಣೆಯು ಆಳುವವರ ಆಡಂಬರವಾದಾಗ ಅದಕ್ಕೊದಗುವ ಗತಿಯನ್ನೂ ಈ ನಗರ ಕಂಡಿದೆ. 1945ರ ಡಿಸೆಂಬರ್ 1ರಂದು ನೌಕಾದಿನವೆಂದು ಸಾರಿ, ಕೊಲಾಬಾದ ತಲ್ವಾರ್ ಎಂಬ ಸಂದೇಶ ಶಿಕ್ಷಣಕೇಂದ್ರಕ್ಕೆ ಸಾರ್ವಜನಿಕರನ್ನು ಆಹ್ವಾನಿಸಲು ಸಿದ್ಧತೆ ನಡೆದಿತ್ತು. ಹಿಂದಿನ ರಾತ್ರಿ ಅಲ್ಲಿನ ನಾವಿಕರಾದ ಬಿ. ಸಿ. ದತ್ತರೂ ಅವರ ಸಂಗಡಿಗರೂ ಗೋಡೆಗಳ ಮೇಲೆ ಬ್ರಿಟಿಷರು ತೊಲಗಬೇಕೆಂಬ ಘೋಷಣೆಗಳನ್ನು ಬರೆದಿಟ್ಟರು. ಕದನ್ನವನ್ನೂ ವರ್ಣದ ಹೆಸರಿನ ಬೈಗುಳನ್ನೂ ಸಹಿಸಲಾರದೆ 1946ರ ಫೆಬ್ರವರಿ 18ರಂದು ಅದೇ ತಲ್ವಾರ್‌ನಲ್ಲಿ ಮೊದಲಾದ ನಾವಿಕರ ಮುಷ್ಕರವು ಕೆಲವೇ ದಿನಗಳಲ್ಲಿ 78 ಹಡಗುಗಳಿಗೂ 20 ತೀರಕೇಂದ್ರಗಳಿಗೂ ಹಬ್ಬಿತು. ಅವರ ಬೆಂಬಲಕ್ಕೆ ಬೀದಿಗಿಳಿದ ನಗರದ ಜನರಲ್ಲಿ ಇನ್ನೂರಕ್ಕಿಂತ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಸರದಾರ ಪಟೇಲರ ಮಾತಿಗೆ ಮನ್ನಣೆಯಿತ್ತು ಶರಣಾದ ನಾವಿಕರಲ್ಲಿ ಅನೇಕರು ವಜಾ ಆದರು, ಸೆರೆ ಕಂಡರು. ಸ್ವಾತಂತ್ರ್ಯ ಬಂದ ಮೇಲೂ ನೌಕಾದಳ ಅವರನ್ನು ಮರಳಿ ಕರೆಯಲಿಲ್ಲ. ಸ್ವಾತಂತ್ರ್ಯಯೋಧರ ನಿವೃತ್ತಿವೇತನಕ್ಕೆ ಅವರ ಹೋರಾಟವೂ ಅರ್ಹವೆಂದು ಒಪ್ಪಿದುದು, ಕೊಲಾಬಾದಲ್ಲಿ ಅವರಿಗೊಂದು ಸ್ಮಾರಕ ಎದ್ದುದು, ಎಲ್ಲವೂ ಬಹುಕಾಲದ ಅನಂತರ. ಯೌವನದಲ್ಲಿ ದೊರೆಯಬೇಕಾಗಿದ್ದ ಕೊಡಗೆ ಮುಪ್ಪಿನಲ್ಲಿ ಬಂದರೆ, ಅದನ್ನು ಪಡೆಯಲು ಉಳಿಯದವರ ಪಾಲಿಗೆ ಅದು ಬಂದಂತಾಗದು.

ಇಂದಿನ ನೌಕಾದಿನ ಡಿಸೆಂಬರ್ 4. 1971ರ ಆ ರಾತ್ರಿ ನಿಪಾತ, ನಿರ್ಘಾತ, ವೀರ ಎಂಬ ಮೂರು ಕ್ಷಿಪಣಿದೋಣಿಗಳು ಕರಾಚಿಯ ಮೇಲೆ ದಾಳಿ ಮಾಡಿ ಹಾನಿಯಿಲ್ಲದೆ ಹಿಂದಿರುಗಿದುದರ ವಿಜಯೋತ್ಸವವದು. ಅದೇ ದಿನಾಂಕದಂದು, 1924ರಲ್ಲಿ, ವೈಸರಾಯ್ ರೀಡಿಂಗ್ ಪ್ರಭುವು ಚಕ್ರವರ್ತಿಯ ಆಗಮನದ ಸ್ಮಾರಕವಾದ ಗೇಟ್‌ವೇ ಆಫ್ ಇಂಡಿಯಾವನ್ನು ಉದ್ಘಾಟಿಸಿದ್ದನು. ಆ ಕಮಾನಿನ ಮುಂದೆಯೇ ಸ್ವತಂತ್ರ ದೇಶದ ನಾವಿಕರು ವಾದ್ಯಘೋಷದೊಡನೆ ನೌಕಾದಿನವನ್ನು ನಡೆಸುವ ರೂಢಿ ಬೆಳೆಯಿತು. ಆದರೆ ವಿಜಯವಾದ ಐದನೆಯ ದಿನವೇ, ಡಿಸೆಂಬರ್ 9ರ ರಾತ್ರಿ, ದೀವ್ ಸಮೀಪದಲ್ಲಿ ಶತ್ರುವಿನ ಜಲಾಂತರ್ಗಾಮಿಯ ಹೊಡೆತಕ್ಕೆ ಸಿಕ್ಕ ಖುಕ್ರಿ ನೌಕೆಯು 18 ಅಧಿಕಾರಿಗಳೊಡನೆಯೂ 176 ನಾವಿಕರೊಡನೆಯೂ ಮುಳುಗಿತು. ಕಪ್ತಾನ ಮಹೇಂದ್ರನಾಥ ಮುಲ್ಲಾ ನೌಕೆಯನ್ನು ಬಿಡದೆ ಅದರೊಂದಿಗೇ ಹೋದರು. ವಿಜಯದ ದಿನವನ್ನು ಸಾವಿರಾರು ಜನ ನೋಡುತ್ತಾರೆ. ಖುಕ್ರಿ ಮುಳುಗಿದ ದಿನವನ್ನು ನೆನೆಯುವವರು ಬಹುಮಟ್ಟಿಗೆ ನೌಕಾದಳದವರೂ ಮಡಿದವರ ಮನೆಯವರೂ ಮಾತ್ರ. ಏಕ್ಸರದ ಶಿಲ್ಪಿಯು ಗೆದ್ದ ಸಂತೋಷವನ್ನೂ ಸತ್ತವನ ಋಣವನ್ನೂ ಎರಡು ದಿನಗಳಿಗೆ ಹಂಚಿರಲಿಲ್ಲ. ಒಂದೇ ಕಲ್ಲಿನ ಮೇಲೆ ಎರಡಕ್ಕೂ ಎಡೆ ಕೊಟ್ಟಿದ್ದನು.

1862ರಿಂದ 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆದುದರಿಂದ ಈ ನಗರದ ಕನ್ನಡಿಗರು ಇಲ್ಲಿನ ಸ್ಮಾರಕಗಳಿಗೆ ಹೊರಗಿನವರಲ್ಲ. ನಮ್ಮ ಸಂಘಸಂಸ್ಥೆಗಳು ತಮ್ಮ ಮಕ್ಕಳನ್ನು ಏಕ್ಸರಕ್ಕೆ ಕರೆದೊಯ್ದು ಆ ಕಲ್ಲುಗಳನ್ನು ಓದುವುದನ್ನು ಕಲಿಸಬೇಕು; ಮಸ್ಜಿದ್ ಬಂದರಿನ ಸ್ಮರಣಗ್ರಂಥಗಳಲ್ಲಿರುವ ಹೆಸರುಗಳನ್ನು ವರ್ಷಕ್ಕೊಂದು ದಿನ ಗಟ್ಟಿಯಾಗಿ ಓದಿಸಬೇಕು; ಸೇವೆಯಲ್ಲಿ ಮಡಿದವನ ಮನೆಯ ಮಗುವಿನ ಓದಿನ ಹೊಣೆಯನ್ನು ಆ ದಿನವೇ ಹೊರಬೇಕು. ಹೆಸರು, ಆಚರಣೆ, ಆಸರೆ, ಈ ಮೂರೂ ಕೂಡಿದಲ್ಲಿ ಮಾತ್ರ ದೇಶವು ತನ್ನ ವೀರರನ್ನು ಗೌರವಿಸಿತೆಂದು ಹೇಳಲು ಬರುತ್ತದೆ. ಒಂದು ಕುಂದಿದರೂ ಸಾಲ ತೀರಿದಂತಾಗಲಿಲ್ಲ, ಮತ್ತು ಆ ಸಾಲ ಉಳಿದಿರುವುದು ಬದುಕಿರುವ ನಮ್ಮ ಮೇಲೆ.