ಕಾಯ್ದಿಟ್ಟ ನಿಧಿಯನ್ನು ಕಾಯುವವರು ಯಾರು?



ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಸಾಲ, ಬೀಜ, ಗೊಬ್ಬರದ ಬಗ್ಗೆ ಹಿರಿಯರು ಬರೆದೇ ಬರೆಯುತ್ತಾರೆ. ನಾನು ಅಢಾವೆ ಪತ್ರಿಕೆಯಲ್ಲಿ ಯಾರೂ ಹೆಚ್ಚು ನೋಡದ ಎರಡು ಸಾಲುಗಳ ಇತಿಹಾಸ ಹೇಳುತ್ತೇನೆ. ಒಂದು ಕಾಯ್ದಿಟ್ಟ ನಿಧಿ, ಇನ್ನೊಂದು ಸಹಕಾರ ಶಿಕ್ಷಣ ನಿಧಿ. ಇವೆರಡೂ ಜೋಡೆತ್ತು ಇದ್ದಂಗ. ಒಂದು ಕುಂಟಿದರೆ ಬಂಡಿ ನಿಂತಂಗೇ.

1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನಲ್ಲಿ ನೇಕಾರರು, ಇತರ ಕೆಲಸಗಾರರು ಸೇರಿ 28 ಮಂದಿ ಒಂದು ಅಂಗಡಿ ತೆರೆದರು. ಮುಂದೆ ಅವರು ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಶಿಕ್ಷಣಕ್ಕೆಂದೇ ತೆಗೆದಿಟ್ಟು ವಾಚನಾಲಯ ನಡೆಸಿದರು. ಸಹಕಾರ ಶಿಕ್ಷಣದ ವಿಚಾರಕ್ಕೆ ಇದೇ ದೊಡ್ಡ ಮಾದರಿಯಾಯಿತು.

ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿ ನಾಡಿಗೇ ದಾರಿ ತೋರಿಸಿದರು. ನಿವ್ವಳ ಲಾಭದಲ್ಲಿ ನೂರಕ್ಕೆ 25ಕ್ಕೆ ಕಡಿಮೆಯಿಲ್ಲದಂತೆ ಕಾಯ್ದಿಟ್ಟ ನಿಧಿಗೆ ಹಾಕಬೇಕು ಎಂಬುದು ನಮ್ಮ 1959ರ ಕಾಯ್ದೆಯ ಕಟ್ಟಳೆ. ಶಿಕ್ಷಣ ನಿಧಿಗೂ ಪಾಲು ಕೊಡಬೇಕು. 1967ರಲ್ಲಿ ಪುಣೆಯಲ್ಲಿ ವೈಕುಂಠ ಮೆಹ್ತಾ ಅವರ ಹೆಸರಿನ ರಾಷ್ಟ್ರೀಯ ತರಬೇತಿ ಸಂಸ್ಥೆ ಆಯಿತು. ನಮ್ಮಂಥ ನಿರ್ದೇಶಕರಿಗೆ, ಸಿಬ್ಬಂದಿಗೆ ರಾಜ್ಯ ಸಹಕಾರ ಮಹಾಮಂಡಳ ಮತ್ತು ಜಿಲ್ಲಾ ಒಕ್ಕೂಟಗಳ ತರಬೇತಿ ಉಂಟು.

"ತರಬೇತಿ ಅಂದ್ರೆ ಊಟ, ಭತ್ಯೆ, ಫೋಟೋ ಅಷ್ಟೇ ಅಲ್ಲೇನ್ರಿ?" ಎಂದು ಕೇಳುವವರಿದ್ದಾರೆ. ಅವರು 2001ರಲ್ಲಿ ಗುಜರಾತಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕಿಗೆ ಏನಾಯಿತೆಂದು ನೆನೆಯಬೇಕು. ಷೇರುಪೇಟೆಯ ದಲ್ಲಾಳಿಗೆ ಮಿತಿ ಮೀರಿ ಸಾಲ ಕೊಟ್ಟು ಅದು ಮುಳುಗಿತು. ಅದರಲ್ಲಿ ಠೇವಣಿ ಇಟ್ಟಿದ್ದ ಅನೇಕ ಸಣ್ಣ ಸಹಕಾರಿ ಬ್ಯಾಂಕುಗಳೂ ಸಿಕ್ಕಿಬಿದ್ದವು. ಸಾಲ ಕೊಟ್ಟವರು ಯಾರೋ, ಪೆಟ್ಟು ತಿಂದವರು ಇನ್ಯಾರೋ. 2012ರಲ್ಲಿ ರಿಸರ್ವ್ ಬ್ಯಾಂಕು ಅದರ ಪರವಾನಗಿಯನ್ನೇ ರದ್ದು ಮಾಡಿತು.

ಇನ್ನೊಂದು ಮಾತು ಎಲ್ಲರಿಗೂ ತಿಳಿದಿರಲಿ. ಬ್ಯಾಂಕಿನ ಠೇವಣಿಗೆ 2020ರಿಂದ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ನಮ್ಮಂಥ ಪ್ರಾಥಮಿಕ ಸಂಘದಲ್ಲಿ ಸದಸ್ಯರು ಇಟ್ಟ ಠೇವಣಿಗೆ ಆ ವಿಮೆ ಇಲ್ಲ. ಮಗಳ ಮದುವೆಗೆಂದು ಇಟ್ಟ ಹಣಕ್ಕೆ ಬೆನ್ನಾಗಿ ನಿಲ್ಲುವುದು ಸಂಘದ ಸ್ವಂತ ನಿಧಿ ಮತ್ತು ಅದನ್ನು ಕಾಯುವವರ ಎಚ್ಚರ.

ಆದ್ದರಿಂದ ಹೊಸ ಆಡಳಿತ ಮಂಡಳಿ ಬಂದ ಕೂಡಲೇ ನಿರ್ದೇಶಕರು, ಕಾರ್ಯದರ್ಶಿ, ಗುಮಾಸ್ತರು ಎಲ್ಲರೂ ತರಬೇತಿಗೆ ಹೋಗಬೇಕು. ಗುಂತಾವಣಿ ಎಲ್ಲಿದೆ, ಕಾಯ್ದೆ ಅಲ್ಲಿಡಲು ಒಪ್ಪುತ್ತದೆಯೇ, ಮುದ್ದತು ಯಾವಾಗ ಮುಗಿಯುತ್ತದೆ, ಬಡ್ಡಿ ಜಮಾ ಆಗಿದೆಯೇ, ಈ ನಾಲ್ಕು ಪ್ರಶ್ನೆ ಕೇಳಲು ಕಲಿತರೆ ಸಾಕು. ಹೆಚ್ಚು ಬಡ್ಡಿ ಅಂದ ಕಡೆ ಓಡಬಾರದು. ಠೇವಣಿ ರಸೀದಿಗಳನ್ನು ಸಭೆಯಲ್ಲಿ ಮೇಜಿನ ಮೇಲಿಟ್ಟು ನೋಡಿದ ಮೇಲೆಯೇ ಠರಾವಿಗೆ ಸಹಿ ಹಾಕಬೇಕು. ಸದಸ್ಯರೂ ವಾರ್ಷಿಕ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳಿ ಸುಮ್ಮನಾಗದೆ, ನಿಧಿ ಎಲ್ಲಿದೆ ಎಂದೂ ಕೇಳಬೇಕು.

ಬಿತ್ತನೆ ಬೀಜವನ್ನು ಬರಗಾಲದಲ್ಲೂ ಉಣ್ಣದೆ ಕಾಯ್ದವರು ನಮ್ಮ ಹಿರಿಯರು. ಕಾಯ್ದಿಟ್ಟ ನಿಧಿ ಸಂಘದ ಬಿತ್ತನೆ ಬೀಜ. ಅದನ್ನು ಹುಳ ಹಿಡಿಯದಂತೆ ಮಕ್ಕಳ ಕೈಗೆ ಒಪ್ಪಿಸೋಣ.

ಜೈ ಸಹಕಾರ.