ಕೇಳಿದ ಗೆಲುವು, ಕಂಡ ಸೋಲು: ನೇರ ಪ್ರಸಾರ ಮತ್ತು ಭಾರತದ ಕ್ರೀಡಾ ನೆನಪು (1975–1996)

1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಭಾರತದ ಪುರುಷರ ಹಾಕಿ ತಂಡ ಪಾಕಿಸ್ತಾನವನ್ನು 2–1ರಿಂದ ಮಣಿಸಿ ವಿಶ್ವಕಪ್ ಗೆದ್ದಿತು. ನಾಯಕ ಅಜಿತ್‌ಪಾಲ್ ಸಿಂಗ್. ಗೆಲುವಿನ ಗೋಲು ಹೊಡೆದವರು ಧ್ಯಾನ್‌ಚಂದ್ ಅವರ ಮಗ ಅಶೋಕ್ ಕುಮಾರ್. ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಎಂಟು ವರ್ಷಗಳ ಬಳಿಕ, 1983ರ ಜೂನ್ 25ರಂದು, ಕಪಿಲ್ ದೇವ್ ಲಾರ್ಡ್ಸ್ ಮೈದಾನದ ಬಾಲ್ಕನಿಯಲ್ಲಿ ಕ್ರಿಕೆಟ್ ವಿಶ್ವಕಪ್ ಎತ್ತಿ ಹಿಡಿದರು. ಈ ಎರಡರಲ್ಲಿ ಯಾವುದು ಇಂದಿಗೂ ಜನರ ಕಣ್ಣಮುಂದಿದೆ ಎಂದು ಕೇಳುವ ಅಗತ್ಯವೇ ಇಲ್ಲ.

ಕ್ರಿಕೆಟ್ ಮೊದಲಿನಿಂದಲೂ ಜನಪ್ರಿಯ, ಆದ್ದರಿಂದ ಅದರ ಗೆಲುವು ಉಳಿಯಿತು ಎಂಬ ವಿವರಣೆ ಸಾಲದು. 1975ರ ಮೊದಲ ಕ್ರಿಕೆಟ್ ವಿಶ್ವಕಪ್‌ನಲ್ಲಿ ಭಾರತ ಸೋಲಿಸಿದ್ದು ಪೂರ್ವ ಆಫ್ರಿಕಾ ತಂಡವನ್ನು ಮಾತ್ರ. 1979ರಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಗಿನ್ನೂ ಟೆಸ್ಟ್ ಮಾನ್ಯತೆಯೂ ಇರದಿದ್ದ ಶ್ರೀಲಂಕಾಕ್ಕೂ ಸೋತಿತು. ಅದೇ ಕಾಲದಲ್ಲಿ ಹಾಕಿಗೆ ವಿಶ್ವಕಪ್ಪೂ ಇತ್ತು, 1980ರ ಮಾಸ್ಕೋ ಒಲಿಂಪಿಕ್ ಚಿನ್ನವೂ ಇತ್ತು. ಅಂದರೆ ಗೆಲುವಿನ ಲೆಕ್ಕದಲ್ಲಿ ಹಾಕಿಯೇ ಮುಂದಿತ್ತು. ಜನರ ಮನಸ್ಸಿನಲ್ಲಿ ಈ ಎರಡು ಆಟಗಳ ಸ್ಥಾನ ಅದಲುಬದಲಾದದ್ದಕ್ಕೆ ಇರುವ ಹಲವು ಕಾರಣಗಳಲ್ಲಿ ಒಂದನ್ನು ನಾವು ಇನ್ನೂ ಸರಿಯಾಗಿ ತೂಗಿಲ್ಲ: ದೇಶ ಯಾವುದನ್ನು ಕಿವಿಯಿಂದ ಕೇಳಿತು, ಯಾವುದನ್ನು ಕಣ್ಣಾರೆ ಕಂಡಿತು ಎಂಬುದು.

1975ರ ಗೆಲುವು ಭಾರತದ ಮನೆಗಳಿಗೆ ಬಂದದ್ದು ರೇಡಿಯೊ ಮೂಲಕ. ಜಸದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆಯನ್ನು ಕೇಳಿದವರು ಇಂದಿಗೂ ಮರೆತಿಲ್ಲ. ಟಿ.ವಿ. ಆಗ ಕೆಲವೇ ನಗರಗಳ ಸ್ವತ್ತಾಗಿತ್ತು. ಕರ್ನಾಟಕದ ಮಟ್ಟಿಗೆ ಅದರ ಹೆಜ್ಜೆ ವಿಚಿತ್ರ. 1975ರ ಆಗಸ್ಟ್‌ನಲ್ಲಿ ಆರಂಭವಾದ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂತು, ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಳ್ಳಿಗಳು ಬೆಂಗಳೂರಿಗಿಂತ ಮೊದಲೇ ಅದರ ಮುಂದೆ ಕುಳಿತವು. ಆದರೆ ಅಲ್ಲಿ ಕಂಡದ್ದು ಕೃಷಿ, ಆರೋಗ್ಯ, ಶಾಲಾ ಪಾಠ, ಅಂತರರಾಷ್ಟ್ರೀಯ ಪಂದ್ಯಗಳಲ್ಲ.

1982ರಲ್ಲಿ ಚಿತ್ರ ಬದಲಾಯಿತು. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿಯೇ ಎಂಬಂತೆ ದೂರದರ್ಶನ ಆ ವರ್ಷ ಬಣ್ಣಕ್ಕೆ ತಿರುಗಿತು, ರಾಷ್ಟ್ರೀಯ ಜಾಲವಾಯಿತು. ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ಟಿ.ವಿ. ಇದ್ದ ಮನೆಗಳ ನಡುಮನೆ ಓಣಿಯವರದ್ದೇ ಆಯಿತು. ಡಿಸೆಂಬರ್ 1ರಂದು ನಡೆದ ಪುರುಷರ ಹಾಕಿ ಫೈನಲ್‌ನಲ್ಲಿ, ಪ್ರಧಾನಿ ಇಂದಿರಾ ಗಾಂಧಿ ಅವರ ಎದುರಿನಲ್ಲೇ, ಪಾಕಿಸ್ತಾನ ಭಾರತವನ್ನು 7–1ರಿಂದ ಸೋಲಿಸಿತು.

ಈ ಪಂದ್ಯದ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ. ರೇಡಿಯೊ ಕೇಳುವವನಿಗೆ ಸೋಲು ಒಂದು ಸುದ್ದಿ. ಅದರ ಕಾರಣವನ್ನು ಮಾತಿನಲ್ಲಿ ವಿವರಿಸಬಹುದು, ಸಮಾಧಾನವನ್ನೂ ಹೇಳಬಹುದು. ಟಿ.ವಿ.ಯಲ್ಲಿ ಅದಕ್ಕೆ ಒಂದು ಮುಖ ಬೇಕಾಗುತ್ತದೆ. ಹಾಕಿಯಲ್ಲಿ ಗೋಲು ಹುಟ್ಟುವುದು ಎಷ್ಟೋ ಸಲ ಮೈದಾನದ ನಡುವೆ ಚೆಂಡು ಕೈತಪ್ಪಿದಾಗ, ರಕ್ಷಣಾ ಸಾಲು ಚದುರಿದಾಗ. ಆದರೆ ಗೋಲಾದ ಗಳಿಗೆಯಲ್ಲಿ ಕ್ಯಾಮೆರಾದ ಚೌಕಟ್ಟಿನಲ್ಲಿ ಸಿಕ್ಕುವವನು ಗೋಲ್‌ಕೀಪರ್. ಅಂದು ಆ ಜಾಗದಲ್ಲಿದ್ದವರು ಮೀರ್ ರಂಜನ್ ನೇಗಿ. ಪಂದ್ಯವನ್ನು ಮಾರಿಕೊಂಡರು, ದೇಶಕ್ಕೆ ದ್ರೋಹ ಬಗೆದರು ಎಂಬ ಮಾತುಗಳನ್ನು ಅವರು ವರ್ಷಗಟ್ಟಲೆ ಹೊತ್ತರು. ಆ ಆರೋಪಗಳಲ್ಲಿ ಒಂದೂ ಸಾಬೀತಾಗಲಿಲ್ಲ. ಹನ್ನೊಂದು ಜನರ ಸೋಲು ಒಬ್ಬನ ಮೇಲೆ ಹೇರಲ್ಪಟ್ಟಿತು. ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ, ಆದರೆ ಅದು ಎಲ್ಲಿ ನೋಡಿತೋ ಅಲ್ಲೇ ನೋಡುಗರ ಸಿಟ್ಟೂ ಹೋಗಿ ನಿಂತಿತು. ನೇಗಿ ಮುಂದೆ 2002ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಭಾರತೀಯ ಮಹಿಳಾ ತಂಡದ ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಟ್ಟರು.

ಅದೇ 1982ರ ಕೂಟದಲ್ಲಿ ಏಷ್ಯನ್ ಕ್ರೀಡೆಗಳಿಗೆ ಮೊದಲ ಸಲ ಸೇರಿದ್ದ ಮಹಿಳಾ ಹಾಕಿಯ ಚಿನ್ನ ಗೆದ್ದದ್ದು ಭಾರತ. ನಾಯಕಿ ಎಲಿಜಾ ನೆಲ್ಸನ್. ಅದೇ ನಗರ, ಅದೇ ದಿನಗಳು, ಅದೇ ದೂರದರ್ಶನ. ಆದರೂ ಆ ಕೂಟದ ಹಾಕಿ ಎಂದೊಡನೆ ಜನರ ಬಾಯಿಗೆ ಬರುವುದು 7–1 ಮಾತ್ರ. ಆದ್ದರಿಂದ ಕ್ಯಾಮೆರಾ ಇದ್ದರಷ್ಟೇ ಸಾಲದು. ಯಾವ ಪಂದ್ಯವನ್ನು ದೇಶದ ಮಾನದ ಪ್ರಶ್ನೆಯಾಗಿ ಮೊದಲೇ ಕಟ್ಟಿ ನಿಲ್ಲಿಸಲಾಗಿತ್ತು ಎಂಬುದೂ ಮುಖ್ಯವಾಗುತ್ತದೆ. ಡೇನಿಯಲ್ ಡಯಾನ್ ಮತ್ತು ಎಲಿಹು ಕಾಟ್ಜ್ 1992ರ ತಮ್ಮ ಗ್ರಂಥದಲ್ಲಿ ಇಂಥ ನೇರ ಪ್ರಸಾರಗಳನ್ನು ಇಡೀ ಸಮಾಜ ಕೈಕೆಲಸ ಬಿಟ್ಟು ಪಾಲ್ಗೊಳ್ಳುವ ಆಚರಣೆಗಳೆಂದು ಗುರುತಿಸಿದರು. ಪುರುಷರ ಫೈನಲ್ ಅಂಥ ಆಚರಣೆಯಾಗಿತ್ತು. ಮಹಿಳೆಯರ ಗೆಲುವಿಗೆ ಆ ಪೀಠ ಸಿಗಲಿಲ್ಲ, ಮತ್ತು ಇದು ನಮ್ಮ ಕ್ರೀಡಾ ಇತಿಹಾಸದ ದೊಡ್ಡ ಅನ್ಯಾಯಗಳಲ್ಲಿ ಒಂದೆಂದೇ ನನ್ನ ಭಾವನೆ.

ಆ ಸೋಲಿನ ನೋವು ಆರುವ ಮೊದಲೇ, ಏಳು ತಿಂಗಳೊಳಗೆ, ಲಾರ್ಡ್ಸ್ ಫೈನಲ್ ಬಂತು. ಭಾರತ 183 ರನ್‌ಗೆ ಆಲೌಟ್. ವೆಸ್ಟ್ ಇಂಡೀಸ್ 140. ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್‌ಗಳೊಂದಿಗೆ ಆ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರಾದರು. ಸೋತ ಹಾಕಿಯನ್ನೂ ಗೆದ್ದ ಕ್ರಿಕೆಟ್ಟನ್ನೂ ದೇಶ ಹೆಚ್ಚುಕಡಿಮೆ ಅವೇ ಟಿ.ವಿ. ಪೆಟ್ಟಿಗೆಗಳಲ್ಲಿ ನೋಡಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಬಂದ ಕೃತಕ ಹಾಸು, ಅದಕ್ಕೆ ಹೊಂದಿಕೊಳ್ಳಲಾಗದ ನಮ್ಮ ವ್ಯವಸ್ಥೆ ಹಾಕಿಯನ್ನು ಆಗಲೇ ಕುಗ್ಗಿಸುತ್ತಿದ್ದವು, ಪತನವನ್ನು ಟಿ.ವಿ. ಹುಟ್ಟಿಸಲಿಲ್ಲ. ನಿಧಾನವಾಗಿ ನಡೆಯುತ್ತಿದ್ದ ಇಳಿತಕ್ಕೆ ಒಂದು ದಿನಾಂಕವನ್ನೂ ಒಂದು ದೃಶ್ಯವನ್ನೂ ಅದು ಕೊಟ್ಟಿತು.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 17 ರನ್‌ಗೆ 5 ವಿಕೆಟ್ ಉರುಳಿದ್ದಾಗ ಕಪಿಲ್ ಅಜೇಯ 175 ರನ್ ಬಾರಿಸಿದರು. ಮುರಿಯದ ಒಂಬತ್ತನೇ ವಿಕೆಟ್ ಜೊತೆಯಾಟದಲ್ಲಿ ಅವರ ಜೊತೆಗೆ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಆ ಇನಿಂಗ್ಸ್‌ನ ಟಿ.ವಿ. ದಾಖಲೆಯೇ ಇಲ್ಲ. ಆದರೂ ಅದು ದಂತಕಥೆಯಾಯಿತು. ಹಾಗಾದರೆ ದೃಶ್ಯ ಇಲ್ಲದೆಯೂ ನೆನಪು ಉಳಿಯುತ್ತದಲ್ಲವೇ? ಉಳಿಯುತ್ತದೆ, ಆದರೆ ಈ ಇನಿಂಗ್ಸ್ ಉಳಿದದ್ದು ಎಲ್ಲರೂ ಕಂಡ ಫೈನಲ್‌ಗೆ ಪೂರ್ವಕಥೆಯಾಗಿ. ಲಾರ್ಡ್ಸ್‌ನಲ್ಲಿ ಭಾರತ ಸೋತಿದ್ದರೆ ಟನ್‌ಬ್ರಿಜ್ ವೆಲ್ಸ್ ಅಂಕಿಅಂಶದ ಪುಸ್ತಕಗಳಲ್ಲೇ ಉಳಿಯುತ್ತಿತ್ತು. 2021ರ ಹಿಂದಿ ಚಲನಚಿತ್ರ '83' ಆ ಕೊರತೆಯನ್ನು ಅಭಿನಯದಿಂದ ತುಂಬಿದ ಮೇಲೆ, ಹೊಸ ತಲೆಮಾರಿಗೆ ಆ ಇನಿಂಗ್ಸ್ ಎಂದರೆ ನಟನೊಬ್ಬ ಬ್ಯಾಟ್ ಬೀಸುವ ಚಿತ್ರ.

ಮುಂದಿನ ತಿರುವು ನ್ಯಾಯಾಲಯದಲ್ಲಿ ಆಯಿತು. 1993ರ ಹೀರೊ ಕಪ್ ಪ್ರಸಾರದ ಹಕ್ಕಿಗಾಗಿ ಬಂಗಾಳ ಕ್ರಿಕೆಟ್ ಸಂಸ್ಥೆಗೂ ದೂರದರ್ಶನಕ್ಕೂ ನಡೆದ ಜಗಳದಲ್ಲಿ, ಬಾನಿನ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿಯಲ್ಲಿ ಹೇಳಿತು. ಮರುವರ್ಷದ ವಿಶ್ವಕಪ್ ಪ್ರಸಾರದ ಹಕ್ಕು ಮಾರ್ಕ್ ಮಸ್ಕರೇನ್ಹಸ್ ಅವರ ವರ್ಲ್ಡ್‌ಟೆಲ್ ಕೈಯಲ್ಲಿತ್ತು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್‌ನಿಂದ ಇಂದಿಗೂ ಮತ್ತೆ ಮತ್ತೆ ಬಿತ್ತರವಾಗುವ ತುಣುಕು ಒಂದೇ: ಬೌಂಡರಿ ಬಾರಿಸಿ ಬ್ಯಾಟ್ ತೋರಿಸಿದ ಆಮೀರ್ ಸೊಹೈಲ್, ಮರು ಎಸೆತದಲ್ಲೇ ಅವರ ಸ್ಟಂಪ್ ಉರುಳಿಸಿದ ವೆಂಕಟೇಶ್ ಪ್ರಸಾದ್. ಆ ಪಂದ್ಯದ ಶ್ರೇಷ್ಠ ಆಟಗಾರ 93 ರನ್ ಗಳಿಸಿದ ನವಜೋತ್ ಸಿಂಗ್ ಸಿಧು. ಪ್ರಸಾದ್ ಅವರಷ್ಟೇ, ಅಂದರೆ ಮೂರು ವಿಕೆಟ್‌ಗಳನ್ನು, ಅನಿಲ್ ಕುಂಬ್ಳೆಯೂ ಕಿತ್ತಿದ್ದರು. ತಾಳ್ಮೆಯಿಂದ ಕಟ್ಟಿದ ಆಟ ಮರುಪ್ರಸಾರದ ಅರೆನಿಮಿಷದಲ್ಲಿ ಹಿಡಿಯುವುದಿಲ್ಲ, ಜಗಳ ಹಿಡಿಯುತ್ತದೆ. ಹೀಗೆ ಪಂದ್ಯವೊಂದು ಇಬ್ಬರ ಹಗೆಯ ಕಥೆಯಾಗಿ ಕುಗ್ಗಿತು. ಭಾರತ–ಪಾಕಿಸ್ತಾನ ಪಂದ್ಯಗಳ ಜಾಹೀರಾತುಗಳು ನಂತರದ ವರ್ಷಗಳಲ್ಲಿ ಇದೇ ಜಾಡು ಹಿಡಿದವು.

ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂಬ ಕಾಯ್ದೆ 2007ರಲ್ಲಿ ಬಂತು. ಯಾವುದು ರಾಷ್ಟ್ರೀಯ ಮಹತ್ವದ್ದು ಎಂಬ ಪಟ್ಟಿಯನ್ನು ಸರ್ಕಾರ ಕಾಲಕಾಲಕ್ಕೆ ಪ್ರಕಟಿಸುತ್ತದೆ. ಅಧ್ಯಯನಕಾರರು ಆ ಪಟ್ಟಿಗಳನ್ನು ಸಾಲಾಗಿಟ್ಟು ಓದಬೇಕು. ಅದಕ್ಕಿಂತ ತುರ್ತಾದ ಕೆಲಸ ಇನ್ನೊಂದಿದೆ. 1975ರ ಹಾಕಿ ಫೈನಲ್ ಅನ್ನು ರೇಡಿಯೊದಲ್ಲಿ ಕೇಳಿದ ತರುಣರಿಗೆ ಈಗ ಎಪ್ಪತ್ತರ ಆಸುಪಾಸು. ಕೊಡಗಿನ ಮನೆಗಳಲ್ಲಿ, ಬೆಂಗಳೂರಿನ ಹಳೆಯ ಹಾಕಿ ಕ್ಲಬ್‌ಗಳಲ್ಲಿ ಅಂಥವರು ಇದ್ದಾರೆ. ಕಾಣದ ಪಂದ್ಯವನ್ನು ಅವರು ಮನಸ್ಸಿನಲ್ಲಿ ಹೇಗೆ ಕಂಡುಕೊಂಡರು ಎಂಬುದನ್ನು ಅವರ ಮಾತಿನಲ್ಲೇ ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ಪತ್ರಿಕೋದ್ಯಮ ವಿಭಾಗಗಳು ಜೊತೆಗೂಡಿ ಕೈಗೆತ್ತಿಕೊಳ್ಳಬೇಕು.