ಮಿಷಿಗನ್ ಸರೋವರದ ಏರಿಳಿತ: ಕಾಲುವೆಯ ಪಾಲೆಷ್ಟು, ಆಕಾಶದ ಪಾಲೆಷ್ಟು?

ಷಿಕಾಗೋ ಸುತ್ತಮುತ್ತ ನೆಲೆಸಿರುವ ನಾವು ಊರಿನಿಂದ ಅಪ್ಪ-ಅಮ್ಮ ಬಂದಾಗ ಮೊದಲು ತೋರಿಸುವುದು ಮಿಷಿಗನ್ ಸರೋವರವನ್ನು. "ಇದು ಸಮುದ್ರವಲ್ಲವೇ?" ಎಂದು ಅವರು ಕೇಳದೆ ಇರುವುದಿಲ್ಲ. ಸಮುದ್ರದಂತೆ ದಿನವೂ ಉಬ್ಬರವಿಳಿತ ಕಾಣದಿದ್ದರೂ, ವರ್ಷಗಳ ಲೆಕ್ಕದಲ್ಲಿ ಇದರ ಮಟ್ಟ ಬಹಳ ಬದಲಾಗುತ್ತದೆ. 2013ರ ಜನವರಿಯಲ್ಲಿ ಅದು 175.57 ಮೀಟರಿಗೆ ಇಳಿಯಿತು. 1918ರಿಂದ ಇರುವ ದಾಖಲೆಯಲ್ಲಿ ಅದೇ ಅತಿ ಕನಿಷ್ಠ. 2020ರ ಜುಲೈನಲ್ಲಿ 177.46 ಮೀಟರಿಗೆ ಏರಿತು. ಅಂದರೆ ಏಳೂವರೆ ವರ್ಷದಲ್ಲಿ ಆರು ಅಡಿಗೂ ಹೆಚ್ಚು! ಮೊದಲು ದೋಣಿ ನಿಲ್ಲಿಸುವ ಕಡೆ ನೀರಿಲ್ಲದಾಯಿತು, ಆಮೇಲೆ ದಡದ ಮನೆಗಳಿಗೇ ಅಪಾಯ ಬಂತು. ಇದಕ್ಕೆ ಯಾರು ಕಾರಣ ಎಂಬ ಜಗಳ ನೂರು ವರ್ಷ ಹಳೆಯದು. ಅದರ ಮೂಲದಲ್ಲಿ ವೈದ್ಯನಾದ ನನಗೆ ಪರಿಚಿತವಾದ ಒಂದು ಕಾಯಿಲೆಯಿದೆ.

ಆ ಕಾಯಿಲೆ ಟೈಫಾಯ್ಡ್. ಹತ್ತೊಂಬತ್ತನೆಯ ಶತಮಾನದಲ್ಲಿ ಷಿಕಾಗೋದ ಕೊಳಚೆ ನದಿಗೆ, ನದಿ ಸರೋವರಕ್ಕೆ ಸೇರುತ್ತಿತ್ತು. ಕುಡಿಯುವ ನೀರೂ ಅದೇ ಸರೋವರದ್ದು. 1891ರಲ್ಲಿ ನಗರದ ಪ್ರತಿ ಲಕ್ಷ ಜನರಲ್ಲಿ ಸುಮಾರು 174 ಮಂದಿ ಟೈಫಾಯ್ಡಿನಿಂದ ಸತ್ತರು. 1885ರ ಮಹಾಮಳೆಯ ನಂತರ ಕಾಲರಾದಿಂದ 90,000 ಜನ ಸತ್ತರೆಂಬ ಕಥೆ ಇಂದಿಗೂ ಕೇಳಿಬರುತ್ತದೆ. ಮಳೆ ನಿಜ, ಆ ಸಾವುಗಳು ಮಾತ್ರ ಕಟ್ಟುಕಥೆ. ಇದ್ದ ಟೈಫಾಯ್ಡೇ ಸಾಕಾಗಿತ್ತು. ನಗರ ಒಂದು ದೊಡ್ಡ ಕಾಲುವೆ ತೋಡಿ, 1900ರ ಜನವರಿಯಲ್ಲಿ ನದಿಯ ದಿಕ್ಕನ್ನೇ ಮಿಸಿಸಿಪ್ಪಿಯ ಕಡೆಗೆ ತಿರುಗಿಸಿತು. ಟೈಫಾಯ್ಡ್ ಸಾವುಗಳು ಇಳಿದವು. ಮುಂದಿನ ದಶಕದಲ್ಲಿ ನೀರಿಗೆ ಕ್ಲೋರಿನ್ ಸೇರಿಸತೊಡಗಿದ ಮೇಲೆ ಇನ್ನಷ್ಟು ಇಳಿದವು.

ಆದರೆ ಕಾಲುವೆಯಲ್ಲಿ ಹರಿದದ್ದು ಸರೋವರದ ನೀರು. 1920ರ ದಶಕದಲ್ಲಿ ಮಟ್ಟ ಕುಸಿದಾಗ ವಿಸ್ಕಾನ್ಸಿನ್, ಮಿಷಿಗನ್ ಮುಂತಾದ ರಾಜ್ಯಗಳು ಇಲಿನಾಯ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವು. ಕೋರ್ಟ್ ವಿಚಾರಣೆಗೆ ನೇಮಿಸಿದ ಚಾರ್ಲ್ಸ್ ಇವಾನ್ಸ್ ಹ್ಯೂಸ್, ಸೆಕೆಂಡಿಗೆ 8,500 ಘನ ಅಡಿ ನೀರು ತೆಗೆದದ್ದರಿಂದ ಮಿಷಿಗನ್ ಮತ್ತು ಹ್ಯೂರನ್ ಸುಮಾರು ಆರು ಅಂಗುಲ ಇಳಿದಿವೆ ಎಂದರು. 1930ರಲ್ಲಿ ನೀರು ತೆಗೆಯುವುದನ್ನು ಹಂತಹಂತವಾಗಿ ತಗ್ಗಿಸಲು ಕೋರ್ಟ್ ಆಜ್ಞೆ ಮಾಡಿತು. 1967ರಲ್ಲಿ ನಿಗದಿಯಾದ 3,200 ಘನ ಅಡಿಯ ಮಿತಿ ಇಂದಿಗೂ ಇದೆ.

ಮನುಷ್ಯನ ಕೈವಾಡ ಇಷ್ಟಕ್ಕೇ ಮುಗಿಯಲಿಲ್ಲ. ಮಿಷಿಗನ್ ಮತ್ತು ಹ್ಯೂರನ್ ಮ್ಯಾಕಿನಾ ಜಲಸಂಧಿಯಲ್ಲಿ ಕೂಡಿರುವುದರಿಂದ ಎರಡರ ಮಟ್ಟವೂ ಒಂದೇ. ನಮ್ಮ ಕೆರೆಗಳಿಗೆ ಕೋಡಿಯಿದ್ದಂತೆ ಇವುಗಳಿಗೆ ಸೇಂಟ್ ಕ್ಲೇರ್ ನದಿ. ಹಡಗುಗಳಿಗಾಗಿ 1930 ಮತ್ತು 1960ರ ದಶಕಗಳಲ್ಲಿ ಆ ನದಿಯ ತಳವನ್ನು ಆಳ ಮಾಡಲಾಯಿತು. ಹಿಂದಿನ ಮರಳು-ಜಲ್ಲಿ ತೆಗೆತವೂ ಸೇರಿ ಮಟ್ಟ ಕಾಯಂ ಆಗಿ ಒಂದು ಅಡಿಯಷ್ಟು ತಗ್ಗಿತು. ಇನ್ನೊಂದೆಡೆ, 1940ರ ದಶಕದ ಆರಂಭದಿಂದ ಕೆನಡಾ ಉತ್ತರದ ನದಿಗಳ ನೀರನ್ನು ಸುಪೀರಿಯರ್ ಸರೋವರಕ್ಕೆ ತಿರುಗಿಸಿದೆ. ಅದು ಷಿಕಾಗೋ ಈಗ ತೆಗೆಯುವುದಕ್ಕಿಂತ ಹೆಚ್ಚು.

ಹಾಗಾದರೆ ಆರು ಅಡಿ ಎಲ್ಲಿಂದ ಬಂತು? ರೋಗಿಯ ದೇಹದ ನೀರಿನ ಲೆಕ್ಕ ನೋಡುವಂತೆ ನೋಡಬೇಕು: ಒಳಗೆ ಎಷ್ಟು, ಹೊರಗೆ ಎಷ್ಟು. ಒಳಗೆ ಬರುವುದು ಮಳೆ, ಹಿಮ, ನದಿಗಳ ನೀರು. ಹೊರಗೆ ಹೋಗುವುದು ಕೋಡಿಯ ಹರಿವು ಮತ್ತು ಆವಿ. ನಮ್ಮ ಊರಿನ ಕೆರೆ ಬತ್ತುವುದು ಬೇಸಿಗೆಯಲ್ಲಿ. ಇಲ್ಲಿ ಹೆಚ್ಚು ಆವಿಯಾಗುವುದು ಶರತ್ಕಾಲದ ಕೊನೆಯಲ್ಲಿ, ಬೆಚ್ಚಗಿರುವ ನೀರಿನ ಮೇಲೆ ಒಣ ಚಳಿಗಾಳಿ ಬೀಸಿದಾಗ. ಅದಕ್ಕೇ ಮಟ್ಟ ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ವ್ಯತ್ಯಾಸ ಸುಮಾರು ಒಂದು ಅಡಿ. 1998ರ ನಂತರ ನೀರು ಬೆಚ್ಚಗಾಗಿ ಆವಿ ಹೆಚ್ಚಿತು, ಮಟ್ಟ ಹದಿನೈದು ವರ್ಷ ಕೆಳಗೇ ಉಳಿಯಿತು. 2013ರಿಂದ ಮಳೆ-ಹಿಮ ಹೆಚ್ಚಿತು, 2014ರ ಕಠಿಣ ಚಳಿಯಲ್ಲಿ ಮಹಾ ಸರೋವರಗಳ ಶೇಕಡಾ 90ಕ್ಕೂ ಹೆಚ್ಚು ಭಾಗ ಹೆಪ್ಪುಗಟ್ಟಿತು, ನೀರು ಮರಳಿತು.

ಕಾಲುವೆ ಮತ್ತು ಹೂಳೆತ್ತುವಿಕೆಯ ಪರಿಣಾಮ ಅಂಗುಲಗಳಲ್ಲಿ, ಆದರೆ ಅದು ತಾನಾಗಿ ಹಿಂದಿರುಗುವುದಿಲ್ಲ. ಆಕಾಶದ ಪರಿಣಾಮ ಅಡಿಗಳಲ್ಲಿ, ಆದರೆ ಅದು ಬಂದು ಹೋಗುತ್ತದೆ. ಬಿಸಿಯಾಗುತ್ತಿರುವ ಹವೆ ಮಳೆ ಮತ್ತು ಆವಿ ಎರಡನ್ನೂ ಹೆಚ್ಚಿಸುವುದರಿಂದ ಈ ತೂಗಾಟ ಇನ್ನೂ ಜೋರಾಗಬಹುದು. 1964ರಲ್ಲಿ ನೀರು ಪಾತಾಳಕ್ಕಿಳಿದಾಗ ದಡಕ್ಕೆ ಹತ್ತಿರ ಕಟ್ಟಿದ ಮನೆಗಳನ್ನು 1986ರ ಗರಿಷ್ಠ ಮಟ್ಟ, 177.50 ಮೀಟರ್, ಕಾಡಿತು. ನಮ್ಮ ಮಕ್ಕಳು ಸರೋವರದ ದಡದಲ್ಲಿ ಮನೆ ಕೊಳ್ಳಹೊರಟರೆ, ಅಂದು ಕಾಣುವ ಮರಳನ್ನು ನಂಬದೆ ನೂರು ವರ್ಷದ ದಾಖಲೆಯನ್ನು ನೋಡಲಿ.